ಅಳುವ ಟೆಕ್ನಿಕ್

ನವೆಂಬರ್ ೪, ೨೦೨೪

ಸೂರಜ ಸರ್‌ಗೆ ಹೊಸ ಹುಚ್ಚು ಹಿಡಿದಿದೆ. ಗೋಕಾಕದಲ್ಲಿ ಅವರು ನಡೆಸುವ ಕೋಚಿಂಗ್ ಕ್ಲಾಸಿನ ಬೋರ್ಡು ಇಳಿಸಿ ಹೊಸದು ಹಾಕಿಸಿದ್ದಾರೆ. ಮೊದಲು ‘ಈಸಿ ಇಂಗ್ಲಿಷ್’ ಇತ್ತು, ಈಗ ‘ಟೆಕ್ನಿಕ್ ಇಂಗ್ಲಿಷ್’ ಆಗಿದೆ. ಈಸಿ ಅಂದರೆ ಮಂದಿ ಬರುವುದಿಲ್ಲವಂತೆ, ಟೆಕ್ನಿಕ್ ಅಂದರೆ ಓಡಿ ಬರುತ್ತಾರಂತೆ. ಕಲಿಸುವವಳು ಅದೇ ನಾನು, ಕಲಿಸುವುದೂ ಅದನ್ನೇ. ಇನ್ನು ಮುಂದೆ ವಾರಕ್ಕೊಂದು ಶಬ್ದ ತೆಗೆದುಕೊಂಡು ಅರ್ಥ, ಬಳಕೆ, ಉದಾಹರಣೆ ಬರೆದು ಹುಡುಗರಿಗೆ ಹಂಚಬೇಕು. ಮೊದಲನೆಯ ಶಬ್ದ ಯಾವುದೆಂದು ಕೇಳುವ ಗರಜೇ ಇರಲಿಲ್ಲ.

ಬರೆದುಕೊಟ್ಟೆ. ಟೆಕ್ನಿಕ್ ಎಂದರೆ ಒಂದು ಕೆಲಸವನ್ನು ಕೌಶಲದಿಂದ ಮಾಡುವ ರೀತಿ. ಅದು ಹುಟ್ಟಿನಿಂದ ಬರುವುದಲ್ಲ, ಕಲಿತು ರೂಢಿ ಮಾಡಿಕೊಳ್ಳುವುದು. ಪೈಲವಾನನಿಗೆ, ಹಾಡುವವನಿಗೆ, ಸರ್ಜನ್‌ಗೆ, ಬಡಿಗನಿಗೆ ಅದು ಇರುತ್ತದೆ. ಸೀನುವುದು, ನಗುವುದು, ಅಳುವುದು ಇವಕ್ಕೆ ಟೆಕ್ನಿಕ್ ಎಂಬ ಶಬ್ದ ಬಳಸುವುದಿಲ್ಲ. ಸೂರಜ ಸರ್ ಓದಿ ‘ಫಸ್ಟ್ ಕ್ಲಾಸ್’ ಅಂದರು. ಪಗಾರ ಹೆಚ್ಚಿಸುವ ಮಾತು ಬರಲಿಲ್ಲ.

ಬಸ್ಸು ಹಿಡಿದು ಮೇಲವಂಕಿಗೆ ಬಂದರೆ ಅತ್ತೆ ಹಣಮವ್ವ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಕುಳಿತಿದ್ದರು. ನನ್ನ ಗಂಡ ಪ್ರಭು ಸಂಕೇಶ್ವರದ ಸಕ್ಕರೆ ಕಾರ್ಖಾನೆಗೆ ರಜೆ ಹಾಕಿ ಬಂದು ಅವರನ್ನು ಡಾಕ್ಟರ ಹತ್ತಿರ ಕರೆದೊಯ್ದಿದ್ದರು. ಹೃದಯ ಅರ್ಧವೂ ಕೆಲಸ ಮಾಡುತ್ತಿಲ್ಲ, ಮೇಲೆ ಸಕ್ಕರೆ ಕಾಯಿಲೆ. ಔಷಧ ಕೊಡೋಣ, ಆದರೆ ಬಹಳ ದಿನದ ಆಸೆ ಇಟ್ಟುಕೊಳ್ಳಬೇಡಿ ಅಂದರಂತೆ. ಪ್ರಭು ಅಡುಗೆಮನೆಯಲ್ಲಿ ನಿಂತು ಇದನ್ನು ಹೇಳುತ್ತಿದ್ದಾಗ ಕಟ್ಟೆಯಿಂದ ದನಿ ಬಂತು.

“ಪಿಸಿಪಿಸಿ ಯಾಕೋ? ನನ್ನ ಮುಂದನ ಹೇಳ್ಯಾರ ಡಾಕ್ಟರು. ಮೊದಲ ಚಾ ಕಳಸ್ರಿ.”

ಇವತ್ತಿನಿಂದ ಸಕ್ಕರೆ ಬಂದ್. ಹಾಕದೆ ಕೊಟ್ಟೆ. ಒಂದು ಗುಟುಕು ಕುಡಿದು, “ಸಕ್ರಿ ಕಡಿಮಿ ಆಗೇತಿ” ಅಂದರು. ಈ ಮನೆಗೆ ಸೊಸೆಯಾಗಿ ಬಂದ ಮರುದಿನದಿಂದ ಕೇಳುತ್ತಿರುವ ಮಾತು. ಒಮ್ಮೆ ಸಿಟ್ಟಿಗೆದ್ದು ನಾಲ್ಕು ಚಮಚ ಸುರಿದು ಕೊಟ್ಟಿದ್ದೆ, ಆಗಲೂ ಕಡಿಮೆಯೇ ಆಗಿತ್ತು.

ನವೆಂಬರ್ ೭

ಅತ್ತೆ ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡರು. ಹೊಲದ ಮಾತೋ ಬಂಗಾರದ ಮಾತೋ ಇರಬೇಕು ಅಂದುಕೊಂಡು ಸೆರಗು ಸರಿಮಾಡಿಕೊಂಡು ಕೂತೆ.

“ಏ ಮಾಸ್ತರ ಮಗಳ, ನಾ ಸತ್ತ ದಿನ ನೀ ಏನ್ ಮಾಡಾಕಿ?”

“ಹಂಗ್ಯಾಕ ಅಂತೀರಿ ಅತ್ತಿ.”

“ಅದನ್ನ ಕೇಳಿಲ್ಲ ನಾ. ನಿಮ್ಮ ಮಾವ ಸತ್ತಾಗ ಮಾಡಿದಂಗ ಮಾಡ್ತಿ ಏನು?”

ಮಾವ ಸತ್ತೆಪ್ಪ ತೀರಿಕೊಂಡು ಎರಡು ವರ್ಷವಾಯಿತು. ಆ ದಿನದ ಕಥೆ ಊರಿಗೆ ಇನ್ನೂ ಹಳೆಯದಾಗಿಲ್ಲ. ಇಲ್ಲಿ ಸಾವಿನ ಮನೆಯಲ್ಲಿ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಸತ್ತವರ ಗುಣ, ಮಾಡಿದ ಕೆಲಸ, ಆಡಿದ ಮಾತು ಎಲ್ಲವನ್ನೂ ರಾಗ ಎಳೆದು ಹೇಳಿಕೊಳ್ಳುತ್ತಾರೆ, ಒಬ್ಬಳು ನಿಲ್ಲಿಸಿದಲ್ಲಿ ಇನ್ನೊಬ್ಬಳು ಎತ್ತಿಕೊಳ್ಳುತ್ತಾಳೆ. ಅತ್ತೆ ಇದರಲ್ಲಿ ಹೆಸರಾದವರು. ಸುತ್ತಿನ ಊರಲ್ಲಿ ಯಾರೇ ಸತ್ತರೂ ‘ಹಣಮವ್ವ ಬಂದಳೇನು’ ಅಂತ ಕೇಳುತ್ತಿದ್ದರು. ನಾನೋ ಹುಕ್ಕೇರಿಯ ಸಾಲಿ ಮಾಸ್ತರ ಮಗಳು. ನಮ್ಮ ಮನೆಯಲ್ಲಿ ದುಃಖ ಬಂದರೆ ಬಾಗಿಲು ಹಾಕಿಕೊಂಡು ಸುಮ್ಮನಿರುತ್ತಿದ್ದೆವು. ಮಾವ ಸತ್ತಾಗಲೂ ಗೋಡೆಗೆ ಒರಗಿ ಸುಮ್ಮನೆ ಕೂತೆ. ಬಂದವರೆಲ್ಲ ನನ್ನ ಕೊರಳಿಗೆ ಬಿದ್ದು ಹಾಡಿದರು, ನಾನು ತಿರುಗಿ ಒಂದು ಸಾಲೂ ಎತ್ತಲಿಲ್ಲ. ಅಂದಿನಿಂದ ನನ್ನ ಹೆಸರು ಮೂಕ ಸೊಸಿ. ಅದು ನನಗಿಂತ ಅತ್ತೆಗೇ ಹೆಚ್ಚು ಚುಚ್ಚಿದೆ.

“ಊರ ಮಂದಿ ಹೆಣದ ಮುಂದ ಎಲ್ಲಾ ನಾ ಅತ್ತೀನಿ. ನನ್ನ ಹೆಣದ ಮುಂದ ನನ್ನ ಸೊಸಿ ಬಾಯಿ ಹೊಲಕೊಂಡ ಕುಂತ್ರ ಆ ಮಂದಿಗೆ ಹೆಂಗ ಮಾರಿ ತೋರ್ಸಲಿ?”

ಸತ್ತ ಮೇಲೆ ಮಾರಿ ತೋರಿಸುವ ತಾಪತ್ರಯ ಯಾಕೆ ಬರುತ್ತದೆ ಎಂದು ಕೇಳಲಿಲ್ಲ. “ಯಲ್ಲಕ್ಕಾರ ಇದ್ದಾರಲ್ರಿ” ಅಂದೆ. ಯಲ್ಲಕ್ಕ ಅತ್ತೆಯ ಮಗಳು, ಹುಕ್ಕೇರಿ ತಾಲೂಕಿನ ದಡ್ಡಿಗೆ ಕೊಟ್ಟಿದ್ದಾರೆ.

“ಮಗಳ ಅಳೂದ ಏನ್ ದೊಡ್ಡದು, ಹೊಟ್ಟ್ಯಾಗ ಹುಟ್ಟಿದಾಕಿ. ಸೊಸಿ ಅತ್ರ ಮನೀ ಮಾನ. ಐತಾರದಿಂದ ಕಲಸ್ತೀನಿ ನಿನಗ.”

ಗೋಕಾಕದಲ್ಲಿ ಇಂಗ್ಲಿಷ್ ಕಲಿಸಿ ಬಂದು ಮೇಲವಂಕಿಯಲ್ಲಿ ಅಳುವುದನ್ನು ಕಲಿಯಬೇಕು. ನನ್ನ ಹಣೆಬರಹಕ್ಕೆ ಇದೊಂದು ಬಾಕಿ ಇತ್ತು.

ನವೆಂಬರ್ ೧೦

ಮೊದಲ ಪಾಠ. ಹಿತ್ತಲಲ್ಲಿ ಕಂಬಳಿ ಹಾಸಿ, ಬಾಗಿಲು ಎಳೆದುಕೊಂಡು ಕೂತೆವು. ಒಂದು ಕಾಲು ಮಡಚಬೇಕು, ಇನ್ನೊಂದರ ಮೊಣಕಾಲು ಎತ್ತರಿಸಬೇಕು, ಸೆರಗು ಹಣೆಯ ತನಕ ಬರಬೇಕು. ಇಷ್ಟಕ್ಕೇ ನನ್ನ ಸೊಂಟ ಹಿಡಿಯಿತು.

“ಈಗ ಯವ್ವಾ ಅನ್ನು.”

“ಅತ್ತಿ ಅಂತೀನ್ರಿ. ನಿಮಗ ಎಂದೂ ಯವ್ವಾ ಅಂದಿಲ್ಲ.”

“ಅತ್ತಿ ಅಂದ್ರ ಹಲ್ಲ ಕೂಡ್ತಾವು, ದನಿ ಅಲ್ಲೇ ಸಾಯ್ತೈತಿ. ಯವ್ವಾ ಅಂದ್ರ ಬಾಯಿ ತಗದ ಇರ್ತೈತಿ, ಎಷ್ಟ ಬೇಕಷ್ಟ ಎಳಿ. ಮತ್ತ ರೀ ಹಚ್ಚಬ್ಯಾಡ. ಹೆಣಕ್ಕ ಯಾರರೆ ರೀ ಅಂತಾರೇನು? ನೀ ಅನ್ನು.”

“ಯವ್ವಾ” ಅಂದೆ. ಕ್ಲಾಸಿನಲ್ಲಿ ಹಾಜರಿ ಕೂಗಿದ ಹಾಗೆ ಬಂತು. ಹತ್ತಾರು ಸಲ ಅನ್ನಿಸಿದರು. ಆಮೇಲೆ ಒಂದು ಸಾಲು ಕಟ್ಟು ಅಂದರು. ನನಗೆ ತೋಚಿದ್ದನ್ನು ಎಳೆದೆ: “ಯವ್ವಾ, ನನ್ನ ಮಗಳಂಗ ನೋಡ್ಕೊಂಡ್ಯವ್ವಾ...”

ಅತ್ತೆ ಕೈ ಎತ್ತಿ ನಿಲ್ಲಿಸಿದರು. “ಯಾವಾಗ ನೋಡ್ಕೊಂಡೆ?”

“ಹಾಡಿಗೆ ಅಂತ ಅಂದ್ನಿರಿ.”

“ಸುಳ್ಳ ಹಾಡಬ್ಯಾಡ. ಅಲ್ಲಿ ಕುಂತ ಹೆಂಗಸರಿಗೆ ನಮ್ಮ ಮನೀದೆಲ್ಲಾ ಗೊತ್ತೈತಿ. ಸುಳ್ಳ ಹಾಡಿದ್ರ ಸೆರಗ ಬಾಯಿಗಿಟ್ಟ ನಗ್ತಾರ. ಒಂದರೆ ಖರೆ ಇದ್ದದ್ದ ಹೇಳು, ಸಣ್ಣದ ಇರವಲ್ಲದ್ಯಾಕ.”

ವಿಚಾರ ಮಾಡಿದೆ. ಅವರೂ ಕಾದರು. ನನಗೆ ಏನೂ ಹೊಳೆಯಲಿಲ್ಲ. ಕಡೆಗೆ ಅತ್ತೆಯೇ, “ಇರ್ಲಿ, ನೆನಪ ಮಾಡ್ಕೊಂಡ ಬಾ” ಎಂದು ಗೋಡೆ ಹಿಡಿದುಕೊಂಡು ಎದ್ದರು. ಅಂದರೆ ಹೋಮ್‌ವರ್ಕ್.

ನವೆಂಬರ್ ೧೩

ಕ್ಲಾಸಿನಲ್ಲಿ ಟೆಕ್ನಿಕ್ ಹಿಡಿದು ವಾಕ್ಯ ಮಾಡಿ ಅಂದರೆ ಎಲ್ಲರೂ ಕ್ರಿಕೆಟ್ಟಿಗೆ ಹೋದರು. ಪೊಲೀಸ್ ಪರೀಕ್ಷೆಗೆ ಓದುತ್ತಿರುವ ಭೀಮೇಶ ಎದ್ದು ನಿಂತು, “ಮೇಡಂ, ಟ್ರಿಕ್ಕಿಗೂ ಟೆಕ್ನಿಕ್ಕಿಗೂ ಏನ್ ಫರಕ್ರಿ?” ಅಂತ ಕೇಳಿದ.

ಟ್ರಿಕ್ಕು ಎದುರಿನವರಿಗೆ ಗೊತ್ತಾದರೆ ಮುಗಿಯಿತು, ಆಮೇಲೆ ನಡೆಯುವುದಿಲ್ಲ. ಟೆಕ್ನಿಕ್ಕು ಎಲ್ಲರಿಗೂ ಗೊತ್ತಿದ್ದರೂ ಕೆಲಸ ಮಾಡುತ್ತದೆ ಅಂದೆ. ಹುಡುಗರು ಬರೆದುಕೊಂಡರು. ನನ್ನ ಬಾಯಿಂದ ಇಷ್ಟು ಒಳ್ಳೆಯ ಮಾತು ಹೇಗೆ ಬಂತೋ. ಬಸ್ಸಿನಲ್ಲಿ ಬರುವಾಗ ಅದನ್ನೇ ಮೆಲುಕು ಹಾಕಿ ಖುಷಿಪಟ್ಟೆ.

ಮನೆಯಲ್ಲಿ ಖುಷಿ ಇಳಿಯಿತು. ಉಸಿರಿನ ಪಾಠ. ಸಾಲಿನ ಕೊನೆಗೆ ಉಸಿರು ತೆಗೆದುಕೊಳ್ಳುವವಳು ಹೊಸಬಳಂತೆ, ನಡುವೆ ತೆಗೆದುಕೊಳ್ಳಬೇಕು. ಸಾಲು ಮುಗಿದ ಮೇಲೂ ದನಿ ಉಳಿದಿರಬೇಕು, ಆಗ ಬಾಜೂದವಳು ಎತ್ತಿಕೊಳ್ಳಲಿಕ್ಕೆ ಅನುಕೂಲ. ಎದೆ ಬಡಿದುಕೊಳ್ಳುವಾಗ ಅಂಗೈ ಚಪ್ಪಟೆ ಇರಬೇಕು, ಇಲ್ಲದಿದ್ದರೆ ಮೂರು ದಿನ ನೋವು. ಕಣ್ಣು ಬಾಗಿಲ ಕಡೆ ಇರಬೇಕು; ಯಾರು ಬಂದರೋ ಅವರ ಊರಿನ ಮಾತನ್ನು ಹಾಡಿಗೆ ತರಬೇಕು.

“ಕಣ್ಣೀರ ಬರ್ಲಿಲ್ಲಂದ್ರ ಹೆಂಗ್ರಿ?” ಕೇಳಿದೆ.

“ಅದು ಅದರ ಪಾಡಿಗೆ ಬರ್ತೈತಿ, ಇಲ್ಲಾ ಬಿಡ್ತೈತಿ. ಅದರ ಗೊಡವಿ ನಿನಗ ಬ್ಯಾಡ. ಹಾಡ ನಿಲ್ಲಬಾರದು.”

ಹುಡುಗರಿಗೆ ಬರೆದ ಹಾಳೆಯಲ್ಲಿ ಅಳುವುದಕ್ಕೆ ಟೆಕ್ನಿಕ್ ಶಬ್ದ ಬಳಸುವುದಿಲ್ಲ ಎಂದು ಬರೆದಾಗಿದೆ, ಝೆರಾಕ್ಸ್ ಕೂಡ ಹಂಚಿ ಆಗಿದೆ. ಇನ್ನು ತಿದ್ದುವುದಕ್ಕೆ ಬರುವುದಿಲ್ಲ.

ನವೆಂಬರ್ ೨೧

ಖರೆ ಇದ್ದದ್ದು ಒಂದೂ ನೆನಪಾಗಲಿಲ್ಲ ಎಂದು ಒಪ್ಪಿಕೊಂಡೆ. ಅತ್ತೆಗೆ ಬೇಜಾರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. “ಇಲ್ಲಂದ್ರ ಈಗ ಮಾಡೂಣು” ಅಂದರು, ಒಲೆಗೆ ಕುಳ್ಳು ಸಾಲದಿದ್ದರೆ ಇನ್ನಷ್ಟು ತಟ್ಟಿದರಾಯಿತು ಅನ್ನುವ ಹಾಗೆ.

ಬ್ಯಾಡ ಬ್ಯಾಡ ಅಂದರೂ ಆಟೋ ಮಾಡಿಸಿಕೊಂಡು ನನ್ನನ್ನು ಮೂಡಲಗಿಯ ಪೇಟೆಗೆ ಎಳೆದುಕೊಂಡು ಹೋದರು. ಅಂಗಡಿಯಲ್ಲಿ ಕಾಲು ಚಾಚಿ ಕೂತು ಒಂದರ ಮೇಲೊಂದು ಸೀರೆ ಬಿಚ್ಚಿ ತೋರಿಸಲು ಹಚ್ಚಿದರು. ಅಂಗಡಿಯವನು ಬೆವರಿದ. ಕಡೆಗೆ ಹಸಿರು ಸೀರೆ, ಕೆಂಪು ದಡಿ. ಈ ಮನೆಗೆ ಬಂದ ಮೇಲೆ ಅವರು ನನಗೆ ಆರಿಸಿಕೊಟ್ಟ ಮೊದಲ ಸೀರೆ. ನನಗೆ ಹಸಿರು ಒಪ್ಪುವುದಿಲ್ಲ.

“ಇದನ್ನ ಹಾಡು,” ಅಂದರು, ವಾಪಸು ಬರುವಾಗ ಆಟೋದಲ್ಲಿ. “ಮೂಡಲಗಿ ಪ್ಯಾಟ್ಯಾಗ ಹಸರ ಸೀರಿ ಆರಿಸಿದ್ಯವ್ವಾ, ಉಟ್ಟಕೊಂಡ ತೋರ್ಸಂದ್ಯವ್ವಾ, ಈಗ ಯಾರಿಗಿ ತೋರ್ಸಲವ್ವಾ... ಇಲ್ಲಿ ಉಸರ. ಹೂಂ, ನೀ ಅನ್ನು.”

ಆಟೋದವನು ಕನ್ನಡಿಯಲ್ಲಿ ನೋಡುತ್ತಿದ್ದ. ಅಂದೆ. ಏನು ಮಾಡೋದು, ಸೀರೆ ಕೊಟ್ಟಿದ್ದಾರೆ.

ನವೆಂಬರ್ ೨೬

ಅವ್ವನಿಗೆ ಆರಾಮಿಲ್ಲ ಎಂದು ಯಲ್ಲಕ್ಕ ದಡ್ಡಿಯಿಂದ ಬಂದಿದ್ದಾರೆ. ಬಂದ ಕೂಡಲೇ ಡಬ್ಬಿಗಳ ಮುಚ್ಚಳ ತೆಗೆದು ನೋಡಿದರು, ರೊಟ್ಟಿ ದಪ್ಪ ಅಂದರು, ಅವ್ವ ಸೊರಗಿದ್ದಾಳೆ ಅಂದರು. ದಿನಾ ಗೋಕಾಕಕ್ಕೆ ಹೋಗಿ ಬರುವ ಸೊಸೆಗೆ ಮನೆಯ ಕಡೆ ಲಕ್ಷ್ಯ ಎಲ್ಲಿ ಬರಬೇಕು ಅಂತ ಗೋಡೆಗೆ ಹೇಳಿದರು. ಯಾವತ್ತೂ ಇಂಥ ಹೊತ್ತಿನಲ್ಲಿ ಅತ್ತೆ ಮಗಳ ಮಾತಿಗೆ ಹೂಂಗುಟ್ಟುತ್ತಾ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಇವತ್ತು ಹಾಗಾಗಲಿಲ್ಲ.

“ಆಕಿ ದುಡದ ತಂದ ಹಾಕ್ತಾಳ, ಬಂದ ನನ್ನ ಕಾಲ ತಿಕ್ಕತಾಳ. ನೀ ಬಂದ ಡಬ್ಬಿ ನೋಡ್ತಿ. ನನ್ನ ಸೊಸಿಗೆ ಬೆರಳ ತೋರ್ಸಬ್ಯಾಡ ಯಲ್ಲಿ.”

ಯಲ್ಲಕ್ಕನ ಬಾಯಿ ತೆರೆದದ್ದು ಹಾಗೇ ಇತ್ತು. ನನ್ನದೂ. ಅವರು ಹಿತ್ತಲಿಗೆ ಹೋದದ್ದೇ ತಡ, ಅತ್ತೆ ನನ್ನ ಕಡೆ ಬಗ್ಗಿ ತಣ್ಣಗೆ ಕೇಳಿದರು: “ಇದು ಬಂತಿಲ್ಲೊ? ಸೀರಿ ಆದ ಮ್ಯಾಲೆ ಇದನ್ನ ಹಾಕು. ಯಲ್ಲಿ ಎದುರಿಗೇ ಇರ್ತಾಳ, ಸುಳ್ಳ ಅನ್ನಾಕ ಬರೂದಿಲ್ಲ.”

ಎಲ್ಲಾ ಲೆಕ್ಕಾಚಾರ. ಒಂದು ಕ್ಷಣ ನನ್ನ ಹೊಟ್ಟೆ ತಣ್ಣಗಾಗಿತ್ತು, ಅದಕ್ಕೂ ಕಲ್ಲು ಬಿತ್ತು. ಆದರೆ ಅವರು ಹೇಳಿದ ಕಾಲು ತಿಕ್ಕುವ ಮಾತು ಸುಳ್ಳಲ್ಲ. ಈಚೆಗೆ ಅವರ ಕಾಲು ಬಾತುಕೊಳ್ಳುತ್ತವೆ, ತಿಕ್ಕುತ್ತೇನೆ. ಅದು ಯಾವಾಗ ಶುರುವಾಯಿತೋ ನೆನಪಿಲ್ಲ.

ಡಿಸೆಂಬರ್ ೩

ಹಿಂದಿನ ಓಣಿಯ ಅಲ್ಲಪ್ಪಜ್ಜ ತೀರಿಕೊಂಡ. ಅತ್ತೆಗೆ ಹಬ್ಬ ಬಂದಷ್ಟು ಹುರುಪು. “ನಡಿ, ಇದ ಚಲೋ ಆತು, ನೀ ಒಮ್ಮಿ ಮಾಡಿ ನೋಡು” ಅಂದರು. ಪ್ರಾಕ್ಟಿಕಲ್ ಪರೀಕ್ಷೆ.

ನಾನು ಅಲ್ಲಿ ‘ಯಪ್ಪಾ’ ಎಂದು ಒಂದು ಸಾಲು ಎತ್ತಿದೆ. ಅಜ್ಜ ಪ್ರತಿ ಬೇಸಿಗೆಗೆ ಓಣಿಯ ಹುಡುಗರಿಗೆಲ್ಲ ಮಾವಿನಹಣ್ಣು ಹಂಚುತ್ತಿದ್ದದ್ದು ಖರೆ, ಅದನ್ನೇ ಹೇಳಿದೆ. ದನಿ ಅರ್ಧಕ್ಕೇ ಒಡೆಯಿತು, ಮುಂದಿನದು ಮರೆತೇ ಹೋಯಿತು. ಅಷ್ಟರಲ್ಲಿ ಪಕ್ಕದಿಂದ ಅತ್ತೆ ಎತ್ತಿಕೊಂಡರು. ಆ ದನಿ ಕೇಳಿ ಎಷ್ಟು ದಿನವಾಗಿತ್ತು. ಮೊದಲು ಅದು ಓಣಿಯ ತುದಿಗೆ ಕೇಳುತ್ತಿತ್ತು, ಇವತ್ತು ಬಾಗಿಲು ದಾಟಲಿಲ್ಲ, ಆದರೂ ಕೂತವರೆಲ್ಲ ಕಿವಿಗೊಟ್ಟು ಕೇಳಿದರು. ನಾಲ್ಕನೆಯ ಸಾಲಿಗೆ ಅವರ ಉಸಿರು ಕಟ್ಟಿತು. ಬೀಳದ ಹಾಗೆ ನಾನು ಅವರನ್ನು ಹಿಡಿದುಕೊಂಡೆ.

ವಾಪಸು ನಡೆದು ಬರಲಾಗಲಿಲ್ಲ, ಬೆನ್ನ ಮೇಲೆ ಹೊತ್ತುಕೊಂಡು ಬಂದೆ. ಇಷ್ಟು ಹಗುರ ಇದ್ದಾರೆ ಅಂತ ಗೊತ್ತಿರಲಿಲ್ಲ. ಬೆನ್ನ ಮೇಲಿಂದಲೇ ನನ್ನ ತಪ್ಪು ಎತ್ತಿ ಹೇಳುತ್ತಿದ್ದರು: “ಮಾವಿನಹಣ್ಣ ಚಲೋ ಇತ್ತು. ಆದ್ರ ಅಷ್ಟ ಜಲ್ದಿ ತಗೀಬಾರದು. ಚಲೋದನ್ನ ಕಡೀಕ ಇಟ್ಕೊ.”

ಡಿಸೆಂಬರ್ ೧೧

ಕ್ಲಾಸಿಗೆ ರಜೆ ಹಾಕಿದ್ದೇನೆ. ಸೂರಜ ಸರ್ ಫೋನಿನಲ್ಲಿ ಮುಖ ಗಂಟು ಹಾಕಿಕೊಂಡದ್ದು ಇಲ್ಲಿಗೇ ಕಾಣಿಸಿತು. ನೆಗಡಿ ಆಗಿದೆ ಅಂದೆ. ಆಗಿದೆ ಸಹ, ಸ್ವಲ್ಪ.

ಕಾರ್ಖಾನೆಯ ಹಂಗಾಮು ಜೋರಿದೆ, ಪ್ರಭುವಿಗೆ ಐತಾರ ಬಿಟ್ಟು ಬರಲಾಗುವುದಿಲ್ಲ. ಅವರ ಅವ್ವನ ಔಷಧ ನಾನೇ ನೋಡಬೇಕು. ಅದಕ್ಕೇ ರಜೆ. ಬೇರೆ ಏನಿಲ್ಲ.

ಇವತ್ತು ಪಾಠ ಇರಲಿಲ್ಲ. ಅತ್ತೆಗೆ ದನಿ ಇಲ್ಲ. ಸೀರೆ ಉಟ್ಟು ತೋರಿಸು ಎಂದು ಸನ್ನೆ ಮಾಡಿದರು. ಉಟ್ಟೆ. ಹಸಿರು ಅಷ್ಟೇನೂ ಕೆಟ್ಟದಾಗಿ ಕಾಣುವುದಿಲ್ಲ.

ಡಿಸೆಂಬರ್ ೧೮

ಬೆಳಿಗ್ಗೆ ಎಬ್ಬಿಸಿ, ಗೋಡೆಗೆ ದಿಂಬು ಕೊಟ್ಟು ಕೂರಿಸಿ, ಎಂದಿನ ಹಾಗೆ ಸಕ್ಕರೆ ಇಲ್ಲದ ಚಹಾ ಕೊಟ್ಟೆ. ಬಟ್ಟಲು ನಾನೇ ಹಿಡಿದಿದ್ದೆ. ಒಂದು ಗುಟುಕು ಹೋಯಿತು. ‘ಸಕ್ರಿ ಕಡಿಮಿ’ ಬರಲಿ ಎಂದು ಕಾದೆ. ಡಾಕ್ಟರು ಬ್ಯಾಡ ಅಂದಾರ್ರಿ ಎನ್ನುವ ನನ್ನ ಉತ್ತರವೂ ತಯಾರಿತ್ತು.

“ಇವತ್ತ ಬರೋಬ್ಬರಿ ಆಗೇತಿ ನೋಡ,” ಅಂದಳು.

ನಾನು ಬಟ್ಟಲನ್ನು ನೋಡಿದೆ. ತಪ್ಪಿ ಸಕ್ಕರೆ ಹಾಕಿದೆನೇನೋ ಎಂದು ಉಳಿದದ್ದನ್ನು ಕುಡಿದು ನೋಡಿದೆ. ಕಹಿ. ನಾಲಿಗೆಯ ರುಚಿ ಹೋಗಿರಬೇಕು, ಈ ಔಷಧಗಳಿಗೆ ಹಾಗಾಗುತ್ತದೆ ಅಂತಾರೆ. ಹಾಗೆ ಅಂದುಕೊಂಡೇ, “ಇದನ್ನ ಹಾಡ್ಲಿ ಏನು?” ಅಂತ ನಗೆಚಾಟಿಕೆಗೆ ಕೇಳಿದೆ. ರೀ ಹಚ್ಚುವುದು ಮರೆತೇ ಹೋಗಿತ್ತು.

ನನ್ನ ಕೈ ಹಿಡಿದುಕೊಂಡಳು. “ಬ್ಯಾಡ. ಇದು ಹಾಡಾಕ ಅಲ್ಲ.”

ಡಿಸೆಂಬರ್ ೧೯

ಹೋದಳು. ಮುಂಜಾನೆ, ಚಹಾಕ್ಕಿಂತ ಮೊದಲು.

ಡಿಸೆಂಬರ್ ೨೪

ಬರೆಯಲಿಕ್ಕೆ ಇವತ್ತು ಹೊತ್ತು ಸಿಕ್ಕಿದೆ.

ಎಲ್ಲಾ ಕಲಿಸಿದ ಹಾಗೇ ಆಯಿತು. ಅವಳನ್ನು ಕಟ್ಟೆಯ ಮೇಲೆ ಕೂಡಿಸಿದ್ದರು, ಹಣೆಗೆ ಅರಿಶಿನದ ಭಂಡಾರ ಹಚ್ಚಿದ್ದರು. ನಾನು ಹಸಿರು ಸೀರೆ ಉಟ್ಟು ಕಾಲು ಮಡಚಿ, ಸೆರಗು ಹಣೆಗೆ ತಂದುಕೊಂಡು ಕೂತೆ. ಮೊದಲ ಗುಂಪು ಓಣಿಯ ತುದಿಯಲ್ಲಿ ಅಳುತ್ತಾ ಬಂತು. ನಾನು ಯವ್ವಾ ಅಂದೆ. ಬಾಯಿ ತೆರೆದೇ ಇತ್ತು, ದನಿ ಎಳೆದಷ್ಟು ಬಂತು. ಕೂತವರೆಲ್ಲ ಒಮ್ಮೆಗೇ ನನ್ನ ಕಡೆ ತಿರುಗಿದರು. ಮೂಕ ಸೊಸಿಗೆ ಬಾಯಿ ಬಂತು ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು.

ಸೀರೆಯ ಸಾಲು ಹಾಡಿದೆ, ನಡುವೆ ಉಸಿರು ತೆಗೆದೆ. ಬಾಜೂದವರು ಎತ್ತಿಕೊಂಡರು. ‘ದಡ್ಡಿಂದ ಮಗಳ ಬಂದ ಬೈದ್ರ ಸೊಸಿ ಕಡೆ ನಿಂತ್ಯವ್ವಾ’ ಅಂದಾಗ ಯಲ್ಲಕ್ಕ ಬಂದು ಕೊರಳಿಗೆ ಬಿದ್ದರು, ಸುಳ್ಳು ಅನ್ನಲಿಲ್ಲ. ಹುಕ್ಕೇರಿಯಿಂದ ನನ್ನ ಅವ್ವ ಬಂದಳು, ಹಾಡಿಗೆ ಹುಕ್ಕೇರಿಯ ಮಾತು ತಂದೆ. ಚಲೋದನ್ನು ಕಡೆಗೆ ಇಟ್ಟುಕೊಂಡಿದ್ದೆ: ಅಲ್ಲಪ್ಪಜ್ಜನ ಮನೆಯಿಂದ ಬೆನ್ನ ಮೇಲೆ ಹೊತ್ತು ತಂದದ್ದು, ಹಗುರ ಇದ್ಯವ್ವಾ ಅಂದದ್ದು. ಹೆಂಗಸರೆಲ್ಲ ಬಿಕ್ಕಿದರು. ಮಣ್ಣು ಮಾಡುವ ತನಕ ಹಾಡು ನಿಲ್ಲಲಿಲ್ಲ. ಚಹಾದ ಮಾತು ತೆಗೆಯಲಿಲ್ಲ, ಬ್ಯಾಡ ಅಂದಿದ್ದಳು.

ಆಮೇಲೆ ಎಲ್ಲರೂ ಹೊಗಳಿದರು. ಹಣಮವ್ವ ಪುಣ್ಯ ಮಾಡಿದ್ದಳು, ಎಂಥ ಸೊಸೆ ಅಂದರು. ಅವಳ ಮಾನ ಉಳಿಯಿತು. ನಾನು ಪಾಸಾದೆ.

ಒಂದು ಹನಿ ಕಣ್ಣೀರು ಬರಲಿಲ್ಲ. ಸೆರಗು ಇತ್ತು, ಯಾರಿಗೂ ಕಾಣಲಿಲ್ಲ. ಮುಂದಿನ ಸಾಲು ಯಾವುದು, ಉಸಿರು ಎಲ್ಲಿ, ಬಾಗಿಲಲ್ಲಿ ಯಾರು, ಇದರಲ್ಲೇ ಹೊತ್ತು ಹೋಯಿತು. ಹಾಡು ಮುಗಿದ ಮೇಲೆ ಅವಳ ಕಡೆ ತಿರುಗಿ ಸರಿ ಆಯಿತೇನು ಎಂದು ಕೇಳಬೇಕು ಅನ್ನಿಸಿತು, ಅಷ್ಟೇ. ನನ್ನದು ಕಲ್ಲಿನ ಎದೆ ಇದ್ದೀತು.

ಜನವರಿ ೭, ೨೦೨೫

ಕ್ಲಾಸು ಶುರು. ಹೊಸ ಬ್ಯಾಚು, ಮತ್ತೆ ಅದೇ ಟೆಕ್ನಿಕ್ ಹಾಳೆ. ಓದಿಸುವಾಗ ‘ಅಳುವುದಕ್ಕೆ ಈ ಶಬ್ದ ಬಳಸುವುದಿಲ್ಲ’ ಅನ್ನುವ ಸಾಲು ಬಂತು. ಅದನ್ನು ಹೊಡೆದು ಹಾಕಿ ಅಂದೆ. ಯಾಕ್ರಿ ಮೇಡಂ ಅಂದರು. ಬಳಸುತ್ತಾರೆ, ನಾನು ಬರೆಯುವಾಗ ನನಗೆ ತಿಳಿದಿರಲಿಲ್ಲ ಅಂದೆ.

ಹೊರಗೆ ಸೂರಜ ಸರ್ ಸಿಕ್ಕು, ಅತ್ತೆ ಹೋದದ್ದು ಕೇಳಿ ಕೆಟ್ಟ ಅನಿಸಿತು, ಸುಧಾರಿಸಿಕೊಂಡಿರಾ ಅಂದರು. ನನಗೇನು ಆಗಿದೆ ಸುಧಾರಿಸಿಕೊಳ್ಳಲಿಕ್ಕೆ? ಆರಾಮ ಇದ್ದೇನೆ. ನಿದ್ದೆ ಮಾತ್ರ ಸರಿಯಾಗಿ ಬರುವುದಿಲ್ಲ. ಚಹಾ ಬಿಟ್ಟಿದ್ದೇನೆ, ಅದಕ್ಕಿರಬೇಕು.

ಫೆಬ್ರವರಿ ೨

ದಡ್ಡಿಯಲ್ಲಿ ಯಲ್ಲಕ್ಕನ ಅತ್ತೆ ದುಂಡವ್ವ ತೀರಿಕೊಂಡಳು ಎಂದು ಬೆಳಿಗ್ಗೆ ಫೋನು. “ನೀ ಬಂದ ಎರಡ ಸಾಲ ಹಾಡಿದ್ರ ಚಲೋ ಆಗ್ತೈತಿ. ಅವ್ವನ ಮಣ್ಣಿನ ದಿನದಿಂದ ಇಲ್ಲೆಲ್ಲಾ ನಿನ್ನ ಹೆಸರ ಆಗೇತಿ” ಅಂದರು ಯಲ್ಲಕ್ಕ. ಡಬ್ಬಿ ತೆಗೆದು ನೋಡುತ್ತಿದ್ದವರು ಈಗ ಕರೆದು ಕೂರಿಸುತ್ತಾರೆ. ಕಸುಬು ಕಲಿತರೆ ಮರ್ಯಾದೆ ಬರುತ್ತದೆ.

ದುಂಡವ್ವನನ್ನು ಮದುವೆಗಳಲ್ಲಿ ನೋಡಿದ್ದೆ, ಅಷ್ಟೇ ಪರಿಚಯ. ಆದರೆ ಕೆಲಸ ಅಂದ ಮೇಲೆ ಕೆಲಸ. ಬಸ್ಸಿನಲ್ಲಿ ಕೂತೇ ಫೋನು ಮಾಡಿ ಯಲ್ಲಕ್ಕನನ್ನು ಕೇಳಿಕೊಂಡೆ: ಕೋಳಿ ಸಾಕುತ್ತಿದ್ದಳು, ಬಾಣಂತನ ಚಲೋ ಮಾಡುತ್ತಿದ್ದಳು, ಹೊಳೆಯ ನೀರು ಊರಿಗೆ ನುಗ್ಗಿದ ವರ್ಷ ಓಣಿಗೆಲ್ಲ ಅಡುಗೆ ಮಾಡಿ ಹಾಕಿದ್ದಳು. ಎಲ್ಲಾ ಖರೆ ಇದ್ದದ್ದು. ಹೊಳೆಯ ಮಾತನ್ನು ಕಡೆಗೆ ಇಟ್ಟುಕೊಂಡೆ. ಸಂಕೇಶ್ವರ ಬರುವಷ್ಟರಲ್ಲಿ ಸಾಲು ಕಟ್ಟಿ ಆಗಿತ್ತು.

ಹೋಗಿ ಕಾಲು ಮಡಚಿ ಕೂತೆ. ಹೆಂಗಸರು ಜಾಗ ಮಾಡಿಕೊಟ್ಟರು. ಯವ್ವಾ ಅಂದೆ.

ಆಮೇಲೆ ಬರಬೇಕಾದದ್ದು ಕೋಳಿಯ ಸಾಲು. ಬಂದದ್ದು ಬೇರೆ. “ಯವ್ವಾ, ದಿನಾ ಸಕ್ರಿ ಕಡಿಮಿ ಅಂತಿದ್ಯವ್ವಾ, ಹಾಕಿದ್ರೂ ಕಡಿಮಿ ಅಂತಿದ್ಯವ್ವಾ... ಕಡೀಕ ಬರೋಬ್ಬರಿ ಆತಂದ್ಯವ್ವಾ, ಸಕ್ರೀನ ಹಾಕಿರಲಿಲ್ಲೋ ಯವ್ವಾ...” ಇದು ಹಾಡಲಿಕ್ಕೆ ಅಲ್ಲ ಅಂದಿದ್ದಳು, ಗೊತ್ತಿತ್ತು, ಬಾಯಿ ಮುಚ್ಚಲಾಗಲಿಲ್ಲ. ಉಸಿರು ಎಲ್ಲೆಲ್ಲೋ ಹೋಯಿತು. ಸೆರಗು ಜಾರಿತು, ಮಾರಿ ಮುಚ್ಚಿಕೊಳ್ಳುವುದೂ ನೆನಪಾಗಲಿಲ್ಲ. ರಾಗ ಹೋಗಿ ಬರೀ ಅಳು ಉಳಿಯಿತು, ಸಣ್ಣ ಹುಡುಗರು ಅಳುವ ಹಾಗೆ, ಮೂಗು ಸೋರಿಸಿಕೊಂಡು. ಯಾರೂ ಎತ್ತಿಕೊಳ್ಳಲಿಲ್ಲ, ಎತ್ತಿಕೊಳ್ಳಲಿಕ್ಕೆ ಸಾಲೇ ಇರಲಿಲ್ಲ. ಯಲ್ಲಕ್ಕ ಎದ್ದು ಬಂದು ನನ್ನ ಪಕ್ಕದಲ್ಲಿ ಕುಸಿದು ಕೂತು, “ಅವ್ವಾ” ಅಂತ ಅಷ್ಟೇ ಅಂದರು. ನಾವಿಬ್ಬರೂ ಅಲ್ಲಿ ಎಷ್ಟು ಹೊತ್ತು ಅತ್ತೆವೋ.

ಕಲಿಸಿದ್ದೆಲ್ಲ ತಪ್ಪಿತು. ಅವಳು ನೋಡಿದ್ದರೆ ಹಿತ್ತಲಿಗೆ ಕರೆದು ಮೊದಲಿನಿಂದ ಶುರು ಮಾಡಿಸುತ್ತಿದ್ದಳು.

ಮುಗಿದ ಮೇಲೆ ಮುದುಕಿಯೊಬ್ಬಳು ನನಗೆ ನೀರು ತಂದುಕೊಟ್ಟಳು. ಬೆನ್ನು ಸವರಿದಳು. ಎದ್ದು ಹೋಗುವ ಮುಂಚೆ ಕಿವಿಯ ಹತ್ತಿರ ಬಗ್ಗಿ, “ಚಲೋ ಅಳ್ತಿ ಬಿಡವ್ವಾ,” ಅಂದಳು. “ಖರೆ, ನಮ್ಮ ದುಂಡವ್ವ ಚಾ ಕುಡಿಯಾಕಿ ಅಲ್ಲ. ಹುಟ್ಟಿದಾಗಿಂದ ಒಮ್ಮೀನೂ ಬಾಯಿಗೆ ಹಚ್ಚಿಲ್ಲ.”

ಯಾರೂ ಸೆರಗು ಬಾಯಿಗಿಟ್ಟು ನಕ್ಕಿರಲಿಲ್ಲ.